ಮೂಲ ಡೊಂಬಿವಲಿ, ರಿಮಿಕ್ಸ್ ಕಲ್ಯಾಣ್

ಒಂದೇ ಹಾಡನ್ನು ಆರು ಸಲ ಮಾಡಿ ಆರು ಹಾಡು ಎಂದು ಲೆಕ್ಕ ಕೊಡುವ ವಿದ್ಯೆ ನನ್ನ ಹರೆಯದಲ್ಲೇ ಗೊತ್ತಿದ್ದಿದ್ದರೆ ಇಷ್ಟರಲ್ಲಿ ನನ್ನದೂ ಒಂದು ಕಥಾಸಂಕಲನ ಬಂದಿರುತ್ತಿತ್ತು. ಮೊದಲನೆಯದು ಕಥೆ. ಎರಡನೆಯದು ಅದೇ ಕಥೆ, ತುಸು ಉದ್ದ. ಮೂರನೆಯದು ಮಾತನ್ನೆಲ್ಲ ಕಿತ್ತು ಬರೀ ಪೂರ್ಣವಿರಾಮ ಉಳಿಸಿಕೊಂಡದ್ದು. ಮಿಕ್ಕ ಮೂರು ಗೆಳೆಯರ ಕೈಗೆ ಕೊಟ್ಟು ಕೆಡಿಸಿಕೊಂಡದ್ದು. ನನ್ನ ಅಕ್ಕನ ಮಗ ಈ ವಿದ್ಯೆಯಲ್ಲಿ ಪಳಗಿದ್ದಾನೆ. ಮೊನ್ನೆ ಅವನ ಹೊಸ ರೆಕಾರ್ಡ್ ಬಂತು. ರೆಕಾರ್ಡ್ ಎಂದೊಡನೆ ಕಪ್ಪು ತಟ್ಟೆ ಕಣ್ಣ ಮುಂದೆ ಬಂದರೆ ನಿಮಗೂ ನನ್ನಷ್ಟೇ ವಯಸ್ಸಾಗಿದೆ ಎಂದರ್ಥ. ಇದು ಕೈಗೆ ಸಿಗುವುದಿಲ್ಲ, ಫೋನಿನಲ್ಲಷ್ಟೇ ಇದೆ. ಹಾಡಿನ ಕುಲ ಟೆಕ್ ಹೌಸ್. ಪಟ್ಟಿ ಹೀಗೆ: ಒರಿಜಿನಲ್ ಮಿಕ್ಸ್, ಎಕ್ಸ್‌ಟೆಂಡೆಡ್ ಮಿಕ್ಸ್, ಡಬ್ ಮಿಕ್ಸ್, ಆಮೇಲೆ ಕಲ್ಯಾಣದ ಗೆಳೆಯನ ರಿಮಿಕ್ಸ್, ಥಾಣೆಯವನ ರಿಮಿಕ್ಸ್, ನೆರೂಲಿನವನ ರಿಮಿಕ್ಸ್. ಒಂದು ಹಾಡಿಗೆ ಮೂರು ಮಹಾನಗರಪಾಲಿಕೆಗಳ ಕೈ ತಗುಲಿದೆ. ರಸ್ತೆಯ ಗುಂಡಿ ಮುಚ್ಚಲೂ ಇಷ್ಟು ಮಂದಿ ಒಟ್ಟಾಗುವುದಿಲ್ಲ.

ಎಲ್ಲವೂ ಕ್ಲಬ್ಬಿನ ಡ್ಯಾನ್ಸ್ ಫ್ಲೋರಿಗೆಂದೇ ಮಾಡಿದವಂತೆ. ತಯಾರಾದದ್ದು ಮಾತ್ರ ಡೊಂಬಿವಲಿ ಪೂರ್ವದ ಒನ್ ಬಿಎಚ್‌ಕೆಯಲ್ಲಿ, ಬಟ್ಟೆ ಒಣಗಿಸುವ ಗ್ಯಾಲರಿಗೆ ಗ್ರಿಲ್ ಹಾಕಿಸಿ ಮನೆಯೊಳಗೆ ಸೇರಿಸಿಕೊಂಡ ಜಾಗದಲ್ಲಿ. ಅಲ್ಲಿ ಒಬ್ಬ ಕೂರಬಹುದು. ಕುಣಿಯಬೇಕಾದರೆ ಮೊದಲು ವಾಷಿಂಗ್ ಮೆಷಿನ್ ಎದ್ದು ಹೊರಗೆ ಹೋಗಬೇಕು.

“ಕೇಳಿ ಹೇಳಿ ಮಾವ” ಎಂದು ಹೆಡ್‌ಫೋನ್ ಕೊಟ್ಟ. ಕೇಳಿದೆ. ಧಪ್, ಧಪ್, ಧಪ್, ಧಪ್. ಅರ್ಧ ನಿಮಿಷವಾಯಿತು. ಧಪ್, ಧಪ್.

“ಹಾಡು ಯಾವಾಗ ಶುರುವಾಗುವುದೋ?”

“ಶುರುವಾಗಿದೆ ಮಾವ. ಇದು ಇಂಟ್ರೋ.”

ಇಂಟ್ರೋ ಎಂದರೆ ನಮಗೆ ನಿಮಗೆ ಅಲ್ಲ, ಡಿಜೆಗೆ. ಹಿಂದಿನ ಹಾಡಿನ ಬಾಲಕ್ಕೆ ಇದರ ತಲೆಯನ್ನು ಹೊಲಿಗೆ ಕಾಣದಂತೆ ಅಂಟಿಸಲು ಬಿಟ್ಟ ಜಾಗ. ಟೆಕ್ ಹೌಸ್‌ನ ಓಟ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 128 ಬೀಟ್, ಅವರ ಭಾಷೆಯಲ್ಲಿ ಬಿಪಿಎಂ. 126 ಎಂದಿಟ್ಟುಕೊಳ್ಳಿ. ನಾಲ್ಕು ನಾಲ್ಕು ಬೀಟಿನ 32 ಆವರ್ತ ಮುಗಿಯಲು ಒಂದು ನಿಮಿಷ ಬೇಕು. ಆ ನಿಮಿಷ ಡ್ರಮ್ ಬಿಟ್ಟು ಏನೂ ಇಲ್ಲ. ಕೊನೆಗೆ ಔಟ್ರೋ ಎಂದು ಇನ್ನೊಂದು ನಿಮಿಷ, ಅದೂ ಡ್ರಮ್ಮೇ. ನಡುವೆ ಹಾಡು. ಅದರಲ್ಲೂ ಮಾತು ಎಂಬುದು ಒಂದೇ ಸಾಲು, ಅದನ್ನು ಸಾಲ ವಸೂಲಿಗೆ ಬಂದವನ ಹಟದಲ್ಲಿ ಹೇಳಿದ್ದೇ ಹೇಳುತ್ತಾರೆ. ಕುಣಿಯುವವರಿಗೆ ಮೂರು ನಿಮಿಷದ ಹಾಡು ಸಾಲದು ಎಂದು ಮೊದಲು ಕಂಡುಕೊಂಡವರು ಅಮೆರಿಕದ ಡಿಸ್ಕೋ ಮಂದಿ. 1976ರಲ್ಲಿ ವಾಲ್ಟರ್ ಗಿಬನ್ಸ್ ಎಂಬ ಡಿಜೆ ಹಾಡೊಂದನ್ನು ಕೊಯ್ದು ಜೋಡಿಸಿ ಉದ್ದ ಮಾಡಿದ; ಅಂಗಡಿಗೆ ಮಾರಾಟಕ್ಕೆ ಬಂದ ಮೊದಲ ಹನ್ನೆರಡು ಇಂಚಿನ ಸಿಂಗಲ್ ಅದೇ. ಅಲ್ಲಿಂದ ಮುಂದೆ ಶಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಕುಣಿಸಿದ್ದು ಹೌಸ್ ಆಯಿತು. ಡೆಟ್ರಾಯಿಟ್‌ನ ಹುಡುಗರು ಯಂತ್ರಗಳಿಂದ ಹೊರಡಿಸಿದ್ದು ಟೆಕ್ನೋ ಆಯಿತು. ಇವೆರಡಕ್ಕೂ ತೊಂಬತ್ತರ ದಶಕದಲ್ಲಿ ಲಂಡನ್ನಿನವರು ಮದುವೆ ಮಾಡಿಸಿದರು, ಹುಟ್ಟಿದ್ದು ಟೆಕ್ ಹೌಸ್. ಆ ದಂಪತಿಯ ಮೊಮ್ಮಗ ಈಗ ಅಕ್ಕನ ಮನೆಯ ಗ್ಯಾಲರಿಯಲ್ಲಿ ಒಣಗುವ ಚಡ್ಡಿಗಳ ಕೆಳಗೆ ಕೂತಿದ್ದಾನೆ.

ಡ್ರಾಪ್ ಏನೆಂದೂ ಅವನೇ ವಿವರಿಸಿದ. ಬೇಸ್ ತೆಗೆದುಬಿಡುವುದು, ಸದ್ದನ್ನು ಮೇಲೆ ಮೇಲೆ ಏರಿಸುವುದು, ಒಂದು ಕ್ಷಣ ಎಲ್ಲ ನಿಲ್ಲಿಸುವುದು, ಆಮೇಲೆ ಧೊಪ್ ಎಂದು ಬೀಳಿಸುವುದು.

“ಅದನ್ನು ನನಗೆ ಕಲಿಸಬೇಡ” ಎಂದೆ. “ಯಕ್ಷಗಾನದ ದೇವಿಮಹಾತ್ಮೆಯಲ್ಲಿ ಮಹಿಷಾಸುರ ಗದ್ದೆಯ ಆಚೆ ತುದಿಯಿಂದ ದೊಂದಿ ಬೆಳಕಿನಲ್ಲಿ ಬರುವಾಗ ಚೆಂಡೆಯವರು ಮಾಡುತ್ತಿದ್ದದ್ದು ಅದನ್ನೇ. ಚಾಪೆಯಲ್ಲಿ ಮಲಗಿದ್ದವರೆಲ್ಲ ಎದ್ದು ಕೂರುತ್ತಿದ್ದರು.”

“ಅದರ ಬಿಪಿಎಂ ಎಷ್ಟಿತ್ತು ಮಾವ?”

“ಬಿಪಿ ಏರುತ್ತಿತ್ತು. ಎಂ ಗೊತ್ತಿಲ್ಲ.”

ಅಕ್ಕನಿಗೆ ಈ ಸಂಗೀತದ ಪರಿಚಯ ಬೇರೆಯೇ ದಾರಿಯಿಂದ ಆಗಿದೆ, ಗೋಡೆಯ ಮೂಲಕ. ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದ ದಿನ ಅಡುಗೆಮನೆಯಿಂದಲೇ ಕೂಗಿದಳು: “ಎಂತ ಮಾರಾಯ ಅದು, ಮೇಲಿನವರು ಟೈಲ್ಸ್ ಒಡೆಸುವುದಾ?” ತಪ್ಪು ಅವಳದಲ್ಲ. ಗೋಡೆ ದಾಟುವುದು ಬೇಸ್ ಒಂದೇ. 50 ಹರ್ಟ್ಸ್‌ನ ಸದ್ದಿನ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ; ಡೊಂಬಿವಲಿಯ ಬಿಲ್ಡರ್ ಕೊಡುವ ಹಾಲ್ ಅಷ್ಟು ಉದ್ದವಿರುವುದಿಲ್ಲ. ಕಾಲು ಚಾಚಲು ಜಾಗ ಸಾಲದೆ ಅಲೆ ಪಕ್ಕದ ಮನೆಗೆ ಹೋಗುತ್ತದೆ. ಮಾತು, ರಾಗ, ಝಣಝಣ ಎಲ್ಲ ನಮ್ಮಲ್ಲೇ ಉಳಿದು, ಕೆಳಗಿನ ಮನೆಯ ಮರಾಠಿ ಆಜಿಗೆ ಡಬ್ ಮಿಕ್ಸ್ ಮಾತ್ರ ಪುಕ್ಕಟೆ ತಲುಪುತ್ತದೆ.

ಅಂದಹಾಗೆ, ರಿಮಿಕ್ಸ್ ಎಂದರೆ ಈಗಿನ ಹುಡುಗರ ಆವಿಷ್ಕಾರ ಎಂದುಕೊಳ್ಳಬೇಡಿ. ಝಂಕಾರ್ ಬೀಟ್ಸ್ ಮರೆತಿರಾ? ಕ್ಯಾಸೆಟ್ ಕಾಲದಲ್ಲಿ ಹಳೆಯ ಹಾಡುಗಳ ಮೇಲೆ ಒಂದು ಪದರ ಆಕ್ಟೋಪ್ಯಾಡ್ ಬಳಿದು ಮತ್ತೆ ಮಾರುತ್ತಿದ್ದರು. ಅಳುವ ಹಾಡಿಗೂ ಟಿಕ್ ಟಿಕ್ ಟಿಂಗ್. ಸ್ಟೇಷನ್ನಿನಿಂದ ಮನೆಗೆ ಬರುವ ಶೇರ್ ರಿಕ್ಷಾದಲ್ಲಿ ಬೆನ್ನ ಹಿಂದೆಯೇ ಎರಡು ಸ್ಪೀಕರ್. ನಾಯಕಿ ಪ್ರಾಣ ಬಿಡುವ ಹೊತ್ತಿಗೆ ನಮ್ಮ ಕಿಡ್ನಿಗಳು ತಾಳ ಹಾಕುತ್ತಿದ್ದವು. ಆಮೇಲೆ 2002ರಲ್ಲಿ, 1972ರ ‘ಸಮಾಧಿ’ ಎಂಬ ಚಿತ್ರದಲ್ಲಿ ಲತಾ ಹಾಡಿದ್ದ ಹಾಡೊಂದು ರಿಮಿಕ್ಸ್ ಆಗಿ ಎದ್ದು ಬಂದು ಇಡೀ ದೇಶವನ್ನು ಕುಣಿಸಿತು. ಸಮಾಧಿಯಿಂದಲೇ ಎಬ್ಬಿಸಿದರಲ್ಲ ಎಂದು ಹಳಬರು ನೊಂದುಕೊಂಡರು. ಆಗಿನ ಕಾನೂನಿನಲ್ಲಿ, ಮೂಲ ಹಾಡು ಬಂದು ಎರಡು ವರ್ಷ ಕಳೆದರೆ ನೋಟಿಸು, ರಾಯಲ್ಟಿ ಕೊಟ್ಟು ಯಾರು ಬೇಕಾದರೂ ಅದನ್ನು ಮತ್ತೆ ಹಾಡಿಸಬಹುದಿತ್ತು. 2012ರ ತಿದ್ದುಪಡಿ ಅದನ್ನು ಐದು ವರ್ಷಕ್ಕೆ ಏರಿಸಿತು. ನಮ್ಮ ಹುಡುಗನಿಗೆ ಆ ತಾಪತ್ರಯವಿಲ್ಲ. ಅವನ ಮೂಲವನ್ನು ಯಾರೂ ಕದಿಯಲು ಬಂದಿಲ್ಲ. ಗೆಳೆಯರಿಗೆ ಅವನೇ ದುಂಬಾಲು ಬಿದ್ದು ಕೊಟ್ಟಿದ್ದಾನೆ.

ಗೆಳೆಯರ ಕೈಚಳಕ ಕೇಳಬೇಕು. ಕಲ್ಯಾಣದವನು ಟೆಕ್ ಹೌಸ್‌ಗೆ ಹಲಗಿ ಸೇರಿಸಿದ್ದಾನೆ. ನಮ್ಮ ಬೆಳಗಾವಿ, ವಿಜಯಪುರದ ಕಡೆ ಬಡಿಯುವ ಅದೇ ಹಲಗಿ. ಕಲ್ಯಾಣದ ಕಡೆ ಯಾವ ಹಾಡಿಗೂ ಹಲಗಿ ಮಿಕ್ಸ್ ಆಗದೆ ಮುಕ್ತಿಯಿಲ್ಲ. ಹುಡುಗನನ್ನು ದೂರುವಂತಿಲ್ಲ, ಅವನ ಕಿವಿ ಬೆಳೆದದ್ದು ಕಲ್ಯಾಣದಿಂದ ಹೊರಡುವ ಬೆಳಗಿನ ಲೋಕಲ್‌ನಲ್ಲಿ. ಲೋಕಲ್‌ನ ಭಜನಾ ಮಂಡಳಿಗಳನ್ನು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ಮೂರು ಮಂದಿಯ ಸೀಟಿನಲ್ಲಿ ನಾಲ್ವರು, ನಾಲ್ಕನೆಯವನ ಅರ್ಧ ದೇಹ ಗಾಳಿಯಲ್ಲಿ. ಬಾಗಿಲಲ್ಲಿ ಇರುವೆಗೂ ಜಾಗವಿಲ್ಲ. ಅಂಥಲ್ಲಿ ಡಬ್ಬಿಯ ಒಂದು ಮೂಲೆಯಿಂದ ತಾಳ ಎದ್ದಿತು ಎಂದರೆ, ಒಬ್ಬ ಬೋಗಿಯ ತಗಡಿಗೆ ಅಂಗೈ ಬಡಿಯುತ್ತಾನೆ, ಇನ್ನೊಬ್ಬ ಬ್ಯಾಗಿನಿಂದ ಮಂಜೀರ ತೆಗೆಯುತ್ತಾನೆ, ವಿಠ್ಠಲ ಬರುತ್ತಾನೆ. ಮುಂಬ್ರಾ ದಾಟುವಾಗ ವಿಲಂಬಿತ, ಘಾಟ್‌ಕೋಪರ್‌ಗೆ ಬಂದಾಗ ದ್ರುತ, ದಾದರ್‌ನಲ್ಲಿ ಎಲ್ಲರೂ ಇಳಿದು ಹೋಗುವುದರಿಂದ ತಾನಾಗಿಯೇ ಔಟ್ರೋ. ನಿದ್ದೆ ಮಾಡಬೇಕೆನ್ನುವವರು ಗೊಣಗುತ್ತಾರೆ, ರೈಲ್ವೆಗೆ ದೂರೂ ಕೊಡುತ್ತಾರೆ. ಅಲುಗಾಡಲು ಜಾಗವಿಲ್ಲದಲ್ಲಿ ಕುತ್ತಿಗೆ ಒಂದರಿಂದಲೇ ಕುಣಿಯುವುದನ್ನು ಲಂಡನ್ನಿನ ಕ್ಲಬ್ಬುಗಳಿಗೆ ಕಲಿಸುವಷ್ಟು ವಿದ್ಯೆ ಆ ಬೋಗಿಗಳಲ್ಲಿದೆ.

ಥಾಣೆಯವನದು ಬೇರೆ ಠೀವಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ತಮ್ಮಲ್ಲಿ ಎಂಬುದನ್ನು ಥಾಣೆಯವರು ನಿನ್ನೆ ಅದರಿಂದ ಇಳಿದವರ ಹಾಗೆ ಹೇಳುತ್ತಾರೆ. ಡೊಂಬಿವಲಿಯವರನ್ನು ಕಂಡರೆ ಸೆಕೆಂಡ್ ಕ್ಲಾಸ್ ಟಿಕೆಟಿನವರನ್ನು ಕಂಡಂತೆ. ಅವನ ರಿಮಿಕ್ಸ್‌ನಲ್ಲಿ ಸದ್ದೇ ಕಡಿಮೆ. ಕಾರಣ ಕೇಳಿದರೆ ‘ಮಿನಿಮಲ್’ ಎಂದನಂತೆ. ನನಗನಿಸುವುದು, ಅದು ಕೋರ್ಟಿನ ಹೆದರಿಕೆ. ಶಬ್ದದ ಕೇಸಿಗೆ ಥಾಣೆಯೇ ತವರು. ಅಲ್ಲಿನ ಡಾ. ಮಹೇಶ್ ಬೇಡೇಕರ್ ಹೂಡಿದ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2016ರ ಆಗಸ್ಟಿನಲ್ಲಿ ಕೊಟ್ಟ ತೀರ್ಪನ್ನು ಗಣಪತಿ ಮಂಡಲಗಳಿಂದ ಹಿಡಿದು ದಹೀಹಂಡಿಯವರೆಗೆ ಎಲ್ಲರೂ ಬಲ್ಲರು, ಪಾಲಿಸುವ ಮಾತು ಬೇರೆ. 2000ನೇ ಇಸವಿಯ ನಿಯಮದ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಹತ್ತು ಗಂಟೆಯ ಮೇಲೆ ಲೌಡ್‌ಸ್ಪೀಕರ್ ಇಲ್ಲ. ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ ಸರ್ಕಾರ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಬಹುದು.

ಇಲ್ಲೊಂದು ತಮಾಷೆಯಿದೆ. ಈ ಡೆಸಿಬಲ್ ಅಳೆಯುವ ಮೀಟರ್ ಮನುಷ್ಯನ ಕಿವಿಯನ್ನು ಅನುಕರಿಸುತ್ತದೆ. ನಮ್ಮ ಕಿವಿಗೆ ತೀರ ಕೆಳಗಿನ ಸದ್ದು ಮಂದ. ಆದ್ದರಿಂದ 50 ಹರ್ಟ್ಸ್‌ನ ಬೇಸ್ ಬಂದರೆ ಮೀಟರ್ ಅದನ್ನು ಸುಮಾರು 30 ಡೆಸಿಬಲ್ ಕಡಿಮೆ ಮಾಡಿ ಬರೆದುಕೊಳ್ಳುತ್ತದೆ. ಕಿವಿಗೆ ಅಷ್ಟಾಗಿ ಕೇಳಿಸದಿದ್ದರೂ ಎದೆಗೂಡಿಗೆ, ಕಿಟಕಿಯ ಗಾಜಿಗೆ, ಶೋಕೇಸಿನ ಸ್ಟೀಲ್ ಲೋಟಕ್ಕೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಪೊಲೀಸಪ್ಪ ಮೀಟರ್ ಹಿಡಿದು ಬಂದರೆ ಚೀರುವ ಹಾಡುಗಾರ್ತಿ ಸಿಕ್ಕಿಬೀಳುತ್ತಾಳೆ. ಕಟ್ಟಡ ಅಲ್ಲಾಡಿಸಿದ ಬೇಸ್ ಮುಕ್ಕಾಲು ಪಾಲು ತಪ್ಪಿಸಿಕೊಳ್ಳುತ್ತದೆ. ಟೆಕ್ ಹೌಸ್‌ನವರು ಹಾಡುಗಾರ್ತಿಯನ್ನು ಕೈಬಿಟ್ಟು ಬೇಸ್ ಹಿಡಿದುಕೊಂಡದ್ದು ಕಲೆಗಾಗಿಯೋ ಕಾನೂನಿಗಾಗಿಯೋ ಎಂದು ಅಳಿಯನನ್ನು ಕೇಳಿದೆ. ಅವನು ಹೆಡ್‌ಫೋನ್ ಹಾಕಿಕೊಂಡ.

ನೆರೂಲಿನವನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಜನವರಿಯಲ್ಲಿ ಅವನೂರಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಕೋಲ್ಡ್‌ಪ್ಲೇ ಮೂರು ರಾತ್ರಿ ಹಾಡಿದಾಗ ಜನ ಟಿಕೆಟಿಗಾಗಿ ತಲೆ ಚಚ್ಚಿಕೊಂಡರು. ಇವನು ಟೆರೇಸಿನಲ್ಲಿ ಚಾಪೆ ಹಾಸಿಕೊಂಡು ಪುಕ್ಕಟೆ ಕೇಳಿದ. ಅದೇ ವರ್ಷ ಹೋಳಿ ಹಬ್ಬಕ್ಕೆ ಡಿಜೆ ಮಾರ್ಟಿನ್ ಗ್ಯಾರಿಕ್ಸ್ ಬಂದಾಗಲೂ ಅದೇ ಟೆರೇಸು, ಅದೇ ಚಾಪೆ. ಹಾಗಾಗಿ ಅವನ ರಿಮಿಕ್ಸ್ ದೂರದಿಂದ ಕೇಳಿಸಿದ ಹಾಗಿದೆ.

ಸರಿ, ಆರೂ ತಯಾರು. ಇನ್ನು ಫ್ಲೋರ್ ಎಲ್ಲಿ? ನಮ್ಮ ನಗರಗಳು ಸಂಸ್ಕೃತಿಗೆ ಕಮ್ಮಿ ಖರ್ಚು ಮಾಡಿಲ್ಲ. ಥಾಣೆಯಲ್ಲಿ ಗಡಕರಿ ರಂಗಾಯತನ, ಕಾಶಿನಾಥ ಘಾಣೇಕರ್ ನಾಟ್ಯಗೃಹ. ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ, ಕಲ್ಯಾಣದಲ್ಲಿ ಆಚಾರ್ಯ ಅತ್ರೆ, ವಾಶಿಯಲ್ಲಿ ವಿಷ್ಣುದಾಸ ಭಾವೆ. ಎಲ್ಲೆಲ್ಲೂ ಕುರ್ಚಿ, ಅದೂ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದದ್ದು. ಪ್ರೇಕ್ಷಕ ಎಂದರೆ ಕೂರುವವನು ಎಂಬುದು ಪಾಲಿಕೆಯ ನಂಬಿಕೆ. ಕುಣಿಯುವ ನೆಲ ಈ ಭಾಗದಲ್ಲಿ ಇರಲೇ ಇಲ್ಲವೇ ಎಂದರೆ, ಇತ್ತು. ಆದರೆ ಅದರ ಸುದ್ದಿಯನ್ನು ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಎತ್ತುವುದಿಲ್ಲ. ಕರಾವಳಿಯಿಂದ ಬಂದ ನಮ್ಮವರ ಹೋಟೆಲು ಇಡ್ಲಿಯಿಂದ ಶುರುವಾಗಿ ಪರ್ಮಿಟ್ ರೂಮ್ ದಾಟಿ ಕೆಲವೆಡೆ ಡ್ಯಾನ್ಸ್ ಬಾರ್‌ವರೆಗೂ ಹೋಗಿತ್ತು. 2005ರ ಆಗಸ್ಟಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಹೋಟೆಲ್ ಮಾಲೀಕರ ಸಂಘ ಸುಪ್ರೀಂ ಕೋರ್ಟಿನವರೆಗೆ ಕಾದಾಡಿ 2013ರಲ್ಲಿ ಗೆದ್ದಿತು. ಸರ್ಕಾರ 2016ರಲ್ಲಿ ಹೊಸ ಕಾಯಿದೆ ತಂದಿತು, 2019ರಲ್ಲಿ ಕೋರ್ಟು ಅದನ್ನೂ ಸಡಿಲಿಸಿತು. ಆ ಕಾಲ ಕಂಡ ನೆಂಟರೊಬ್ಬರಿಗೆ ಅಳಿಯನ ಕ್ಲಬ್ಬಿನ ವ್ಯವಹಾರ ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲ. “ನಮ್ಮಲ್ಲಿ ದುಡ್ಡು ಕೊಟ್ಟವ ಕೂತು ನೋಡುತ್ತಿದ್ದ. ಇಲ್ಲಿ ದುಡ್ಡೂ ಅವನೇ ಕೊಟ್ಟು ಅವನೇ ಕುಣಿಯುವುದಾ? ಗಿರಾಕಿಗೆ ಬುದ್ಧಿ ಬೇಡವಾ?”

ಹಾಗಾಗಿ ಟೆಕ್ ಹೌಸ್ ಕೇಳಿ ಕುಣಿಯುವ ಕ್ಲಬ್ಬಿಗೆ ಲೋಕಲ್ ಹಿಡಿದು ಲೋವರ್ ಪರೇಲ್‌ನ ಕಡೆಗೇ ಹೋಗಬೇಕು. ಅಳಿಯನಿಗೆ ಒಮ್ಮೆ ಅಲ್ಲಿ ಅವಕಾಶ ಸಿಕ್ಕಿತು. ‘ವಾರ್ಮ್ ಅಪ್’ ಸೆಟ್. ಮುಖ್ಯ ಡಿಜೆ ಬರುವ ಮೊದಲು ಖಾಲಿ ಹಾಲನ್ನು ಬೆಚ್ಚಗಿಡುವ ಕೆಲಸ. ಇವನು ತನ್ನ ರೆಕಾರ್ಡನ್ನು ಆರು ರೂಪದಲ್ಲೂ ನುಡಿಸಿದ. ಅಲುಗಾಡಿದ್ದು ಟೇಬಲ್ ಒರೆಸುವ ಇಬ್ಬರು ವೇಟರ್‌ಗಳು ಮತ್ತು ಏಸಿಯ ಫಿಲ್ಟರ್ ಬಿಚ್ಚಿದ ಮೆಕ್ಯಾನಿಕ್. ಹನ್ನೊಂದರ ಹೊತ್ತಿಗೆ ಜನ ಬರತೊಡಗಿದರು. ಕ್ಲಬ್ಬು ತುಂಬಿ, ಕಾಲು ಬಿಸಿಯಾಗಿ, ಮೈಮರೆಯುವ ಗಳಿಗೆ ಬರುವುದು ಮಧ್ಯರಾತ್ರಿಯ ಮೇಲೆ. ಕಸಾರಾ, ಕರ್ಜತ್ ಕಡೆಯ ಕೊನೆಯ ಲೋಕಲ್ ಹೊರಡುವುದೂ ಅದೇ ಗಳಿಗೆಯಲ್ಲಿ. ಓಲಾ ಹಿಡಿದರೆ ಸಿಕ್ಕಿದ ಸಂಭಾವನೆ ಐರೋಲಿ ಸೇತುವೆಯ ಹತ್ತಿರವೇ ಮುಗಿಯುತ್ತದೆ. ಹುಡುಗ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಓಡಿದ. ಈ ಲೋಕದಲ್ಲಿ ತನ್ನ ಹಾಡಿಗೆ ಯಾರಾದರೂ ಕುಣಿಯುತ್ತಾರೋ ಇಲ್ಲವೋ ಎಂದು ನಿಂತು ನೋಡುವಷ್ಟು ಹೊತ್ತನ್ನು ಸೆಂಟ್ರಲ್ ಲೈನಿನ ಟೈಮ್‌ಟೇಬಲ್ ಅವನಿಗೆ ಕೊಟ್ಟಿಲ್ಲ.

ನಾನು ಹೇಳುವುದು ಇಷ್ಟೇ: ನಮ್ಮ ಕಡೆ ಜನ ಕುಣಿಯುವುದಿಲ್ಲವೇ? ಕ್ಲಬ್ ಬಿಟ್ಟು ಎಲ್ಲೆಡೆ ಕುಣಿಯುತ್ತಾರೆ. ದೀಪಾವಳಿಯ ಬೆಳಗ್ಗೆ ಫಡಕೆ ರೋಡಿಗೆ ಬನ್ನಿ. ಗಣೇಶ ಮಂದಿರಕ್ಕೆ ಕೈ ಮುಗಿದು, ಹೊಸ ಕುರ್ತಾ, ಪೈಠಣಿಯಲ್ಲಿ ಡೊಂಬಿವಲಿಯ ಹರೆಯವೆಲ್ಲ ಅಲ್ಲೇ ನೆರೆದಿರುತ್ತದೆ. ಡಿಜೆ ಬೇಡವೆಂದು ಪೊಲೀಸರು ಹೇಳುತ್ತಾರೆ, ಕಾಲುಗಳು ಕೇಳುವುದಿಲ್ಲ. ಆದರೆ ಕುಣಿತದ ಸುಪ್ರೀಂ ಕೋರ್ಟ್ ಎಂದರೆ ಆಗ್ರಿಗಳ ಹಳದಿ. ನವಿಮುಂಬಯಿ ಎಂಬ ಊರನ್ನು ಸರ್ಕಾರದ ಸಿಡ್ಕೋ 1970ರಿಂದ ಈಚೆಗೆ ಎಬ್ಬಿಸಿದ್ದು ಆಗ್ರಿ, ಮೀನುಗಾರ ಕೋಳಿ ಜನರ 95 ಹಳ್ಳಿಗಳ ಗದ್ದೆ, ಉಪ್ಪಿನಗದ್ದೆಗಳ ಮೇಲೆ. ಸೆಕ್ಟರು, ಟವರುಗಳ ನಡುವೆ ಆ ಹಳ್ಳಿಗಳು ಇನ್ನೂ ಇವೆ. ಮದುವೆಯ ಹಿಂದಿನ ರಾತ್ರಿ ಹಳದಿ ಹಚ್ಚುವ ಶಾಸ್ತ್ರಕ್ಕೆ ಊರಿಗೆ ಊರೇ ಸೇರುತ್ತದೆ. ಟೆಂಪೋದಲ್ಲಿ ಆಳೆತ್ತರದ ಸ್ಪೀಕರು ಬಂದಿಳಿಯುತ್ತದೆ. ಮದುವೆಗೆ ತಪ್ಪಿಸಿದರೆ ಕ್ಷಮೆಯಿದೆ, ಹಳದಿಗೆ ತಪ್ಪಿಸಿದರೆ ಇಲ್ಲ.

ಕಲ್ಯಾಣದ ಗೆಳೆಯನ ಜೊತೆ ವೈರು ಸುತ್ತಲು ಹೋಗಿದ್ದ ಅಳಿಯ ಅಂಥದ್ದೊಂದು ಹಳದಿಯಲ್ಲಿ ಆಸೆ ತಡೆಯಲಾರದೆ ತನ್ನ ಹಾಡಿನ ಹಲಗಿ ರಿಮಿಕ್ಸ್ ತೂರಿಸಿದ. ಇಂಟ್ರೋದ ನಿಮಿಷ ಶುರುವಾಯಿತು. ಮಂಟಪದ ಯಜಮಾನ ಬಂದು, “ಏನಾಯಿತು, ಜನರೇಟರ್ ಕೆಟ್ಟಿತಾ?” ಎಂದು ಕೇಳಿದ. ಇವನು ಬೆವರಿದ. ಅಷ್ಟರಲ್ಲಿ ಹಲಗಿ ಬಿತ್ತು. ನವ್‌ವಾರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮದುಮಗನ ಅಜ್ಜಿ ನಡುವೆ ಬಂದರು. ಆಮೇಲೆ ಸೊಸೆಯಂದಿರು, ಮಕ್ಕಳು, ಮೀನು ಹುರಿಯುತ್ತಿದ್ದವನೂ ಜಾಲರಿ ಹಿಡಿದೇ ಬಂದ. 126ರ ಬೀಟಿಗೆ ಆ ಅಜ್ಜಿ ಎರಡು ಬೀಟಿಗೊಂದು ಹೆಜ್ಜೆ ಹಾಕಿ ಅದನ್ನು 63ಕ್ಕೆ ಇಳಿಸಿ ತನಗೆ ಬೇಕಾದಂತೆ ಮಾಡಿಕೊಂಡರು. ಅದೇ ಏಳನೇ ರಿಮಿಕ್ಸ್ ಎಂದು ನಾನೆನ್ನುತ್ತೇನೆ. ಅಳಿಯ ಒಪ್ಪುವುದಿಲ್ಲ. ಅವನ ಕೊರಗು ಬೇರೆ: ಎರಡು ನಿಮಿಷವಾಗುವಷ್ಟರಲ್ಲಿ ಚಿಕ್ಕ ಹುಡುಗನೊಬ್ಬ ಕೋಳಿಗೀತೆ ಕೇಳಿದ, ಗೆಳೆಯ ಹಾಡು ಬದಲಿಸಿಯೇಬಿಟ್ಟ. ಔಟ್ರೋ ಹಾಗೇ ಉಳಿಯಿತು.

“ಇದು ಸರಿಯಾದ ಫ್ಲೋರ್ ಅಲ್ಲ ಮಾವ. ಇದು ಕ್ಲಬ್ ಟ್ರ್ಯಾಕ್” ಎಂದು ಮುಖ ಊದಿಸಿಕೊಂಡ. ಅಜ್ಜಿಯ ವಿಡಿಯೊವನ್ನು ಮಾತ್ರ ಎಲ್ಲರಿಗೂ ತೋರಿಸುತ್ತಾನೆ.

ಅವನನ್ನು ಸಮಾಧಾನಪಡಿಸಲು, ಅದಕ್ಕಿಂತ ಅಕ್ಕನನ್ನು ಸಮಾಧಾನಪಡಿಸಲು, ನಾನು ಚರಣ್‌ಜಿತ್ ಸಿಂಗ್ ಕಥೆ ತೆಗೆದೆ. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ, ಆರ್.ಡಿ. ಬರ್ಮನ್ನರಿಗೂ ಬಾರಿಸಿದ ಮನುಷ್ಯ. ಎಂಬತ್ತರ ದಶಕದ ಆರಂಭದಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಅವರ ಕೈ ಸೇರಿದವು: ಜ್ಯುಪಿಟರ್-8 ಎಂಬ ಸಿಂಥಸೈಜರ್, ಟಿಆರ್-808 ಎಂಬ ಡ್ರಮ್ ಪೆಟ್ಟಿಗೆ, ಟಿಬಿ-303 ಎಂಬ ಬೇಸ್ ಪೆಟ್ಟಿಗೆ. ಕೊನೆಯದನ್ನು ಕಂಪನಿ ಮಾಡಿದ್ದು ಬೇಸ್ ಗಿಟಾರಿನವನಿಗೆ ಬದಲಿಯಾಗಲಿ ಎಂದು. ಯಾರೂ ಕೊಳ್ಳದೆ 1984ರಲ್ಲಿ ತಯಾರಿಕೆಯೇ ನಿಂತಿತು. ಸಿಂಗ್ 1982ರಲ್ಲಿ ಈ ಮೂರನ್ನೂ ಒಂದಕ್ಕೊಂದು ಕಟ್ಟಿ, ಭೈರವಿ, ಲಲಿತ್, ಭೂಪಾಲಿ, ತೋಡಿ, ಯಮನ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ಬೀಟಿನ ಮೇಲೆ ಕೂರಿಸಿ ಎಚ್‌ಎಂವಿಗೆ ರೆಕಾರ್ಡ್ ಮಾಡಿಕೊಟ್ಟರು. ಡಿಸ್ಕೋದವರಿಗೆ ರಾಗ ಬೇಡವಾಗಿತ್ತು, ರಾಗದವರಿಗೆ ಡಿಸ್ಕೋ ಬೇಡವಾಗಿತ್ತು. ರೆಕಾರ್ಡ್ ಮಣ್ಣುಪಾಲು. ಐದು ವರ್ಷ ಕಳೆದು 1987ರಲ್ಲಿ ಶಿಕಾಗೋದ ಹುಡುಗರು ಅದೇ 303 ಪೆಟ್ಟಿಗೆಯ ಕಿವಿ ಹಿಂಡಿ ಹೊರಡಿಸಿದ ಸದ್ದಿಗೆ ಆ್ಯಸಿಡ್ ಹೌಸ್ ಎಂದು ಜಗತ್ತು ಹೆಸರಿಟ್ಟಿತು. 2010ರಲ್ಲಿ ಡಚ್ಚರೊಬ್ಬರು ಸಿಂಗರ ತಟ್ಟೆಯನ್ನು ಮತ್ತೆ ಅಚ್ಚು ಹಾಕಿಸಿದಾಗ ಯೂರೋಪಿನವರು ಹೌಹಾರಿದರು: ಶಿಕಾಗೋಗಿಂತ ಮೊದಲೇ ಇದನ್ನು ಮುಂಬಯಿಯಲ್ಲಿ ಒಬ್ಬರು ಮಾಡಿಟ್ಟಿದ್ದರೇ? ಕೂದಲು ಬೆಳ್ಳಗಾದ ಸಿಂಗರನ್ನು ಕರೆಸಿಕೊಂಡು ಅವರ ಯಂತ್ರಗಳ ಮುಂದೆ ಕುಣಿದರು. ಸಿಂಗ್ 2015ರಲ್ಲಿ ತೀರಿಕೊಂಡರು. ತಾನು ಏನನ್ನೋ ಕಂಡುಹಿಡಿದೆ ಎಂದು ಅವರು ಬೀಗಲಿಲ್ಲ. ಡಿಸ್ಕೋ ನಡೆಯುತ್ತಿತ್ತು, ರಾಗ ಸೇರಿಸಿದೆ, ಅಷ್ಟೇ ಎನ್ನುವ ಧಾಟಿ.

ಅಳಿಯನ ಮುಖ ಅರಳಿತು. ಅಕ್ಕ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ, “ಅವರು ರೆಕಾರ್ಡ್ ಮಾಡಿದ್ದು ಯಾವಾಗ ಅಂದೆ?”

“ಎಂಬತ್ತೆರಡು.”

“ಜನ ಕುಣಿದದ್ದು?”

“ಎರಡು ಸಾವಿರದ ಹತ್ತು.”

“ಅಂದರೆ ಇಪ್ಪತ್ತೆಂಟು ವರ್ಷ ಉಂಟು ಇವನಿಗೆ” ಎಂದು ಮತ್ತೆ ತುರಿಯತೊಡಗಿದಳು. “ಅಷ್ಟರೊಳಗೆ ಒಂದು ಬ್ಯಾಂಕ್ ಪರೀಕ್ಷೆ ಬರೆದುಬಿಡಲಿ ಮಾರಾಯ. ಫಾರ್ಮ್ ತುಂಬಲು ಶುಕ್ರವಾರ ಕೊನೇ ದಿನ, ನೀನೇ ಕೂತು ತುಂಬಿಸು.”